ವಾಟರ್‌ಗೆ ಅಪೋಸಿಟ್ ಏನು?

ನಮ್ಮ ತಾತನಿಗೆ ಇಂಗ್ಲಿಷಿನಲ್ಲಿ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೂ ಸಂಜೆ ಜಗಲಿಯ ಮೇಲೆ ನಾನು ‘ಬಿಗ್, ಲಾರ್ಜ್, ಹ್ಯೂಜ್’ ಎಂದು ಉರು ಹೊಡೆಯುತ್ತಿದ್ದರೆ, ಎಲೆಅಡಿಕೆ ಚೀಲ ಬಿಚ್ಚುತ್ತ, “ಇದರಲ್ಲಿ ಹೊಸದೇನಿದೆಯೋ, ಅಮರ ತಾನೆ ಇದು” ಎನ್ನುತ್ತಿದ್ದರು. ಮುದುಕರ ಜಂಬ ಅಂದುಕೊಂಡಿದ್ದೆ. ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿ ದುಡಿದು ನಿವೃತ್ತನಾದ ಮೇಲೆ ಗೊತ್ತಾಯಿತು, ತಾತ ಹೇಳಿದ್ದು ಅಕ್ಷರಶಃ ನಿಜ.

ತಾತನ ‘ಅಮರ’ ಎಂದರೆ ಅಮರಕೋಶ, ಒಂದೇ ಅರ್ಥದ ಸಂಸ್ಕೃತ ಪದಗಳನ್ನು ಪದ್ಯದಲ್ಲಿ ಪೋಣಿಸಿಟ್ಟ ನಿಘಂಟು. ಅದರಲ್ಲಿ ಮೂರು ಕಾಂಡ, ಸುಮಾರು 1,500 ಶ್ಲೋಕ. ಮೊದಲು ಸ್ವರ್ಗ, ದೇವತೆಗಳು. ಆಮೇಲೆ ಭೂಮಿ, ಊರು, ಬೆಟ್ಟ, ಗಿಡಮರ. ನೀರೊಂದಕ್ಕೇ ಇಪ್ಪತ್ತಕ್ಕೂ ಹೆಚ್ಚು ಹೆಸರು. ಅಕಾರಾದಿಯ ಗೊಡವೆ ಇದನ್ನು ಕಟ್ಟಿದ ಅಮರಸಿಂಹನಿಗಿಲ್ಲ, ಯಾಕೆಂದರೆ ಇದು ಹಾಳೆ ತಿರುವಿ ಹುಡುಕುವ ಪುಸ್ತಕವಲ್ಲ, ನಾಲಿಗೆಯ ಮೇಲೆ ಕೂರಿಸಿಕೊಳ್ಳುವ ಪುಸ್ತಕ. ಒಂದು ಪದ ಜಾರಿದರೆ ಛಂದಸ್ಸು ಕುಂಟುತ್ತದೆ. ಹೇಳುವ ಹುಡುಗ ತಾನೇ ಎಡವಿ ತಾನೇ ತಿದ್ದಿಕೊಳ್ಳುತ್ತಾನೆ. ಕನ್ನಡಿಗರಿಗೆ ಇದರ ಅರ್ಥ ಬಿಡಿಸಿಕೊಡಲು ನಾಚಿರಾಜ ಟೀಕೆ ಬರೆದ. 1398ರಲ್ಲಿ ಮಂಗರಾಜ ಕನ್ನಡದಲ್ಲೇ ನಿಘಂಟು ಕಟ್ಟಿದ, ಅದೂ ಪದ್ಯದಲ್ಲೇ. ನನ್ನ ಗ್ರಾಮರ್ ಪುಸ್ತಕದ ಪಟ್ಟಿಗಳಿಗೆ ಆ ಲಯದ ಆಸರೆ ಇರಲಿಲ್ಲ. ಪರೀಕ್ಷೆ ಮುಗಿದ ವಾರಕ್ಕೆ ಅವು ಉದುರಿಹೋಗುತ್ತಿದ್ದವು.

ಇನ್ನು ಇಂಗ್ಲಿಷಿನವರ ಕಡೆಗೆ ಬರೋಣ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1805ರಲ್ಲಿ ತನ್ನ ಬರವಣಿಗೆಯ ಅನುಕೂಲಕ್ಕೆಂದು ಪದಗಳನ್ನು ಅರ್ಥಾನುಸಾರ ಗುಂಪು ಮಾಡಿಟ್ಟುಕೊಂಡ. ಅದು ‘ಥೆಸಾರಸ್’ ಆಗಿ ಅಚ್ಚಾದದ್ದು 1852ರಲ್ಲಿ, ಆತನ 73ನೇ ವಯಸ್ಸಿನಲ್ಲಿ. ಆರು ವರ್ಗ, 1,000 ತಲೆಬರಹ. ನಾನು ಸೇವೆಯುದ್ದಕ್ಕೂ ಬಳಸಿದ ಪುಸ್ತಕ. ಪೀಠಿಕೆ ಮಾತ್ರ ಓದಿರಲಿಲ್ಲ. ಓದಿದರೆ ಅಲ್ಲಿ ಅಮರ! ಈ ಬಗೆಯ ಕೆಲಸದಲ್ಲಿ ತನಗೆ ಗೊತ್ತಿರುವ ಅತಿ ಹಳೆಯದು ‘ಅಮರಕೋಶ’ ಎನ್ನುತ್ತಾನೆ ರೋಜೆ. ಕೋಲ್‌ಬ್ರೂಕ್ ಎಂಬಾತ ಮಾಡಿದ ಅದರ ಇಂಗ್ಲಿಷ್ ಅನುವಾದ 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು, ಅದರಿಂದ ತಿಳಿದದ್ದು. ಹೊಗಳಿಕೆ ಅಂದುಕೊಳ್ಳಬೇಡಿ. ವಿಂಗಡಣೆ ಗೊಂದಲಮಯ, ಮನಸ್ಸಿನ ವ್ಯಾಪಾರಗಳ ವಿಷಯದಲ್ಲಂತೂ ಇನ್ನೂ ಗೊಂದಲ ಎಂದು ಕೊಂಕು ತೆಗೆಯುತ್ತಾನೆ. ಕಂಠಪಾಠಕ್ಕೆಂದು ಹೆಣೆದದ್ದನ್ನು ಕಪಾಟಿನ ಲೆಕ್ಕದಲ್ಲಿ ಅಳೆದರೆ ಇನ್ನೇನು ಕಂಡೀತು? ನನಗಂತೂ ಸಿಟ್ಟು ಬಂತು. ತಾತ ಇದ್ದಿದ್ದರೆ ನಕ್ಕುಬಿಡುತ್ತಿದ್ದರೇನೋ.

ಆದರೆ ಒಂದು ವಿಷಯದಲ್ಲಿ ರೋಜೆಯದು ಬೇರೆಯೇ ದಾರಿ. ‘ಇರುವಿಕೆ’ ಒಂದು ಕಡೆ, ‘ಇಲ್ಲದಿರುವಿಕೆ’ ಎದುರಿಗೆ. ಹೀಗೆ ಸಾಧ್ಯವಾದಲ್ಲೆಲ್ಲ ಎದುರುಬದುರು ಕಂಬಸಾಲು. ಅಮರದಲ್ಲಿ ವಿರುದ್ಧ ಪದಗಳಿಗೆ ಪ್ರತ್ಯೇಕ ಮನೆಯಿಲ್ಲ. ಇಂಗ್ಲಿಷಿನಲ್ಲಾದರೂ ‘ಆಂಟೊನಿಮ್’ ಎಂಬ ಹೆಸರು ಹುಟ್ಟಿದ್ದು 1867ರಲ್ಲಿ, ಚಾರ್ಲ್ಸ್ ಜಾನ್ ಸ್ಮಿತ್ ಎಂಬಾತನ ಪುಸ್ತಕದಲ್ಲಿ. ಕ್ಲಾಸಿನಲ್ಲಿ ಅದು ಎಷ್ಟು ಬೇಗ ಬೇರೂರಿತೆಂದರೆ ಪ್ರತಿಯೊಂದಕ್ಕೂ ‘ಅಪೋಸಿಟ್’ ಇರಲೇಬೇಕೆಂದು ಮಕ್ಕಳು ನಂಬಿಬಿಟ್ಟರು. “ಸಾರ್, ಬೆಂಚ್‌ಗೆ ಅಪೋಸಿಟ್ ಏನು?” ಎಂದು ನನ್ನನ್ನೇ ಕೇಳಿದವನಿದ್ದಾನೆ.

ನಾನೂ ಅಂಥವನೇ ಆಗಿದ್ದೆ. ಮಿಡ್ಲ್ ಸ್ಕೂಲಿನಲ್ಲಿ ‘ವಾಟರ್’ಗೆ ವಿರುದ್ಧ ಪದ ಬರೆದುಕೊಂಡು ಬಾ ಅಂದಿದ್ದರು. ‘ಫೈರ್’ ಅಂತ ಬರೆಯಹೊರಟೆ. ತಾತ ತಡೆದರು. “ಬೆಂಕಿ ನೀರಿಗೆ ವೈರಿ ಕಣೋ, ವಿರುದ್ಧ ಅಲ್ಲ. ನೀರಿಗೆ ವಿರುದ್ಧ ಬರಗಾಲ.” ನನಗೂ ಹೌದೆನ್ನಿಸಿತು. ಅಪ್ಪನನ್ನು ಕೇಳಿ ‘ಫ್ಯಾಮಿನ್’ ಅಂತ ಬರೆದುಕೊಂಡು ಹೋದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಫೈರ್’ ಎಂದು ತಿದ್ದಿ, ಹತ್ತು ಸಲ ಬರೆಯಿಸಿದರು.