ಲೋಕಾಕೃತಿಯ ರೇಖಾಚಿತ್ರಗಳಲ್ಲಿ ನಾಮನಿರ್ದೇಶ

ಕರಣಾನುಯೋಗದ ಗ್ರಂಥಗಳಲ್ಲಿ ಬರುವ ಆಕೃತಿಗಳು ಅಲಂಕಾರಕ್ಕಾಗಿ ಬರೆದವುಗಳಲ್ಲ. ಅವು ಗಾಥೆಯ ಅರ್ಥದ ಒಂದು ಭಾಗವೇ ಆಗಿವೆ. ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ 'ತ್ರಿಲೋಕಸಾರ'ವನ್ನು ಆಕೃತಿಯ ನೆರವಿಲ್ಲದೆ ಪಾಠ ಹೇಳುವುದು ಕಷ್ಟ. ಆದರೆ ಗ್ರಂಥಸಂಪಾದಕರು ಅಕ್ಷರಪಾಠಕ್ಕೆ ತೋರಿದ ಶ್ರದ್ಧೆಯನ್ನು ಆಕೃತಿಯ ಒಳಗೂ ಹೊರಗೂ ಬರೆದಿರುವ ನಾಲ್ಕಾರು ಪದಗಳಿಗೆ ತೋರಿಲ್ಲ. ಪ್ರಕೃತ ಲೇಖನದ ವಿಷಯ ಆ ಪದಗಳೇ.

ಓಲೆಗೆ ಬರುವ ಮುನ್ನ ಕಲ್ಲನ್ನು ನೋಡಬಹುದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಯ ಭುವನೇಶ್ವರಿಯಲ್ಲಿ ನಡುವೆ ಜಿನಬಿಂಬವೂ ಸುತ್ತಲೂ ಅಷ್ಟದಿಕ್ಪಾಲಕರೂ ಇದ್ದಾರೆ. ಅಲ್ಲಿ ದಿಕ್ಕನ್ನು ತಿಳಿಯಲು ಅಕ್ಷರ ಬೇಕಿಲ್ಲ. ಆನೆಯನ್ನು ಕಂಡರೆ ಇಂದ್ರ, ಕೋಣವನ್ನು ಕಂಡರೆ ಯಮ. ವಾಹನವೇ ಹೆಸರು. ಅದಕ್ಕಿಂತ ಮುಖ್ಯವಾದುದು, ಭುವನೇಶ್ವರಿಯನ್ನು ಯಾರೂ ತಿರುಗಿಸಲಾರರು. ಶಿಲ್ಪಿಯು ಪೂರ್ವಕ್ಕಿಟ್ಟದ್ದು ಇಂದಿಗೂ ಪೂರ್ವದಲ್ಲಿಯೇ ಇದೆ. ಓಲೆಗರಿಗೆ ಈ ಭಾಗ್ಯವಿಲ್ಲ. ಅದು ಕೈಯಿಂದ ಕೈಗೆ ಹೋಗುವ ವಸ್ತು.

ಗರಿಯ ಉದ್ದ ಮೊಳದಷ್ಟಿದ್ದರೂ ಅಗಲ ಎರಡಂಗುಲದ ಆಸುಪಾಸು. ಕಂಠದಿಂದ ಕೊರೆದು ಮಸಿ ತೊಡೆಯುವ ಈ ಬರವಣಿಗೆಯಲ್ಲಿ ಮನುಷ್ಯಕ್ಷೇತ್ರದ ವೃತ್ತವನ್ನು ಬರೆಯಬೇಕು. ಜಂಬೂದ್ವೀಪದ ವ್ಯಾಸ ೧ ಲಕ್ಷ ಯೋಜನ. ಅದನ್ನು ಸುತ್ತಿದ ಲವಣಸಮುದ್ರದ ಅಗಲ ೨ ಲಕ್ಷ, ಧಾತಕೀಖಂಡ ೪ ಲಕ್ಷ, ಕಾಲೋದ ೮ ಲಕ್ಷ, ಪುಷ್ಕರಾರ್ಧ ೮ ಲಕ್ಷ. ಎರಡು ಪಾರ್ಶ್ವಗಳನ್ನೂ ಕೂಡಿಸಿದರೆ ಒಟ್ಟು ವ್ಯಾಸ ೪೫ ಲಕ್ಷ. ಪ್ರಮಾಣಬದ್ಧವಾಗಿ ಬರೆದರೆ ಎರಡಂಗುಲದ ವೃತ್ತದಲ್ಲಿ ಜಂಬೂದ್ವೀಪವು ಒಂದು ಚುಕ್ಕೆಯಾಗಿ ಉಳಿಯುತ್ತದೆ. ಅದರೊಳಗೆ ಭರತವೆಲ್ಲಿ, ಮೇರುವೆಲ್ಲಿ? ಆದುದರಿಂದ ವಲಯಗಳನ್ನು ಅನುಕೂಲವಿದ್ದಷ್ಟು ಅಗಲಕ್ಕೆ ಎಳೆದು ಅಳತೆಯನ್ನು ಅಂಕದಿಂದ ಸೂಚಿಸುವುದೇ ಯುಕ್ತಮಾರ್ಗ. ರೇಖೆಯು ಕ್ರಮವನ್ನು ಮಾತ್ರ ಹೇಳುತ್ತದೆ, ಪರಿಮಾಣವನ್ನು ಹೇಳುವುದು ಅಕ್ಷರ. ಆ ಅಂಕವನ್ನು ಬಿಟ್ಟು ವಲಯಗಳನ್ನಷ್ಟೇ ಅಚ್ಚು ಮಾಡಿದರೆ ಓದುಗನ ಮುಂದೆ ಉಳಿಯುವುದು ಒಂದು ರಂಗವಲ್ಲಿ.

ಲೋಕಾಕೃತಿಯದು ಇನ್ನೂ ಸೂಕ್ಷ್ಮವಾದ ಪ್ರಸಂಗ. ಲೋಕದ ಎತ್ತರ ೧೪ ರಜ್ಜು, ದಕ್ಷಿಣೋತ್ತರವಾಗಿ ಎಲ್ಲೆಡೆಯೂ ೭ ರಜ್ಜು. ಪೂರ್ವಪಶ್ಚಿಮದ ಅಗಲ ತಳದಲ್ಲಿ ೭, ಮಧ್ಯಲೋಕದಲ್ಲಿ ೧, ಬ್ರಹ್ಮಲೋಕದ ಬಳಿ ೫, ಅಗ್ರದಲ್ಲಿ ೧. ಗಣಿತಕ್ಕೆ ಬೇಕಾದ ಹೆಸರುಗಳು ಎರಡು: 'ಮುಖ' ಮತ್ತು 'ಭೂಮಿ'. ಅಧೋಲೋಕದಲ್ಲಿ ತೊಡಕಿಲ್ಲ, ಕೆಳಗಿನ ೭ ಭೂಮಿ, ಮೇಲಿನ ೧ ಮುಖ. ಎರಡನ್ನೂ ಕೂಡಿಸಿ ಅರ್ಧಿಸಿದರೆ ೪. ಎತ್ತರ ೭ರಿಂದಲೂ ದಪ್ಪ ೭ರಿಂದಲೂ ಗುಣಿಸಿದರೆ ೧೯೬ ಘನರಜ್ಜು. ಊರ್ಧ್ವಲೋಕವನ್ನು ಮೂರೂವರೆ ರಜ್ಜುಗಳ ಎರಡು ಭಾಗ ಮಾಡಬೇಕು. ಒಂದೊಂದೂ ೭೩½, ಕೂಡಿ ೧೪೭. ಒಟ್ಟು ೩೪೩.

ಇಲ್ಲಿ ಗಮನಾರ್ಹವಾದುದು ಊರ್ಧ್ವಲೋಕದ ಕೆಳಭಾಗ. ಅಲ್ಲಿ ಮೇಲಿನ ಬಾಹು ೫, ಕೆಳಗಿನದು ೧. ಶಾಸ್ತ್ರದ ಗಣನೆಯಲ್ಲಿ ದೊಡ್ಡದೇ ಭೂಮಿ, ಚಿಕ್ಕದೇ ಮುಖ. ಆದುದರಿಂದ 'ಭೂಮಿ' ಎಂಬ ಹೆಸರು 'ಮುಖ'ಕ್ಕಿಂತ ಮೇಲೆ ನಿಲ್ಲುತ್ತದೆ. ಶಾಸ್ತ್ರವನ್ನರಿಯದ ಪ್ರತಿಕಾರನೊಬ್ಬನು ಭೂಮಿ ಮೇಲಿರುವುದುಂಟೇ ಎಂದು ಎರಡು ಹೆಸರುಗಳನ್ನೂ ಅದಲುಬದಲು ಮಾಡಿದನೆನ್ನೋಣ. ಘನಫಲ ಕೆಡುವುದಿಲ್ಲ, ಏಕೆಂದರೆ ಕೂಡುವಾಗ ಯಾವುದು ಮೊದಲಾದರೂ ಒಂದೇ. ಕೆಡುವುದು ಹಾನಿವೃದ್ಧಿಯ ಲೆಕ್ಕ. ಭೂಮಿಯಲ್ಲಿ ಮುಖವನ್ನು ಕಳೆದರೆ ೪. ಅದನ್ನು ಮೂರೂವರೆಯಿಂದ ಭಾಗಿಸಿದರೆ ರಜ್ಜುವೊಂದಕ್ಕೆ ೮/೭ರ ವೃದ್ಧಿ. ಮಧ್ಯಲೋಕದಿಂದ ಒಂದೂವರೆ ರಜ್ಜು ಮೇಲೇರಿದರೆ ೧೨/೭ ಕೂಡಿ ಅಗಲ ೧೯/೭ ಆಗುತ್ತದೆ. ಹೆಸರು ತಿರುವುಮುರುವಾಗಿದ್ದರೆ ೫ರಿಂದ ಕಳೆಯುತ್ತ ಹೋಗಿ ೨೩/೭ ಎಂಬ ಅಂಕವನ್ನು ಪಡೆಯುತ್ತೇವೆ. ಮೂಲಗಾಥೆಯು ಶುದ್ಧವಾಗಿದ್ದೂ ಅರ್ಥ ಅಶುದ್ಧವಾಗುವ ಬಗೆ ಇದು. ಇಂಥ ದೋಷವನ್ನು ಪಾಠಾಂತರಗಳ ಪಟ್ಟಿಯು ಹಿಡಿಯಲಾರದು. ಲೆಕ್ಕ ಮಾಡಿಯೇ ಹಿಡಿಯಬೇಕು. ಕನ್ನಡದ ೬ ಮತ್ತು ೯ರ ಹೋಲಿಕೆಯಿಂದಾಗುವ ಗೊಂದಲಕ್ಕೂ ಇದೇ ಮದ್ದು.

ಸಂದೃಷ್ಟಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕೇಶವವರ್ಣಿಯು ಶಕ ೧೨೮೧ರಲ್ಲಿ, ಎಂದರೆ ಕ್ರಿ.ಶ. ೧೩೫೯ರಲ್ಲಿ ಪೂರೈಸಿದ ಗೊಮ್ಮಟಸಾರದ ಕರ್ಣಾಟಕವೃತ್ತಿ ಇಂಥ ಸಂಕೇತಗಳಿಂದ ತುಂಬಿದೆ. ಒಂದು ಅಡ್ಡಗೆರೆ ಜಗಚ್ಛ್ರೇಣಿ, ಎರಡು ಗೆರೆ ಜಗತ್ಪ್ರತರ, ಮೂರು ಗೆರೆ ಘನಲೋಕ. ೨, ೪, ೬ ಎಂಬವು ಕ್ರಮವಾಗಿ ಸೂಚ್ಯಂಗುಲ, ಪ್ರತರಾಂಗುಲ, ಘನಾಂಗುಲಗಳ ಗುರುತುಗಳು, ಸಂಖ್ಯೆಗಳಲ್ಲ. ಜಗಚ್ಛ್ರೇಣಿಯ ಏಳನೆಯ ಒಂದು ಭಾಗವೇ ರಜ್ಜುವಾದುದರಿಂದ ಗೆರೆಯೊಂದರ ಕೆಳಗೆ ೭ನ್ನು ಬರೆದರೆ ಅದು ರಜ್ಜು. ಇಂದಿನ ಓದುಗನಿಗೆ ಅದು ಅಂಶವು ಅಳಿಸಿಹೋದ ಭಿನ್ನರಾಶಿಯಂತೆ ಕಾಣುತ್ತದೆ. ನಮ್ಮ ಹಳೆಯ ಗಣಿತಜ್ಞರು ಭಿನ್ನರಾಶಿಗೆ ನಡುಗೆರೆಯನ್ನೇ ಎಳೆಯುತ್ತಿರಲಿಲ್ಲವೆಂಬುದನ್ನು ನೆನೆದರೆ ಈ ಭ್ರಮೆ ಹರಿಯುತ್ತದೆ. ಈ ವೃತ್ತಿಯೇ ನೇಮಿಚಂದ್ರನೆಂಬ ಹೆಸರಿನ ಬೇರೊಬ್ಬ ವಿದ್ವಾಂಸನಿಂದ ಸಂಸ್ಕೃತವಾಗಿ, ಜಯಪುರದ ಪಂಡಿತ ಟೋಡರಮಲ್ಲರ ಕೈಗೆ ಸಂದಿತು. ಅವರು ತಮ್ಮ ಭಾಷಾಟೀಕೆಗೆ ಅರ್ಥಸಂದೃಷ್ಟಿಯೆಂಬ ಪ್ರತ್ಯೇಕ ಅಧಿಕಾರವನ್ನೇ ಸೇರಿಸಿ ಗುರುತುಗಳೆಲ್ಲವನ್ನೂ ಬಿಡಿಸಿ ಹೇಳಿದರು. ಕನ್ನಡ ನಾಡಿನಲ್ಲಿ ಹುಟ್ಟಿದ ವೃತ್ತಿಯ ಕೀಲಿಕೈಯನ್ನು ಡೂಂಢಾರಿಯಲ್ಲಿ ಹುಡುಕಬೇಕಾದುದು ನಮಗೆ ಹೆಮ್ಮೆಯ ಮಾತಲ್ಲ.

ಆಕೃತಿಯಲ್ಲಿ ಬರೆದ ಹೆಸರಿಗಿರುವ ಬಲವನ್ನು ತಿಳಿಯಲು ಈ ಸೀಮೆಯ ಭೂಪಟವನ್ನೇ ನೋಡಿದರೆ ಸಾಕು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ಅವನ ಸಹಾಯಕರಲ್ಲೊಬ್ಬನು. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ದಂಡು ಬೀಡುಬಿಟ್ಟಿದ್ದ ಹಿರೋಡೆಯು ಇಂಗ್ಲಿಷರ ಭೂಪಟದಲ್ಲಿ 'ಫ್ರೆಂಚ್ ರಾಕ್ಸ್' ಆಯಿತು. ಇಂದು ಅದು ಪಾಂಡವಪುರ. ಕೃಷ್ಣರಾಜಪೇಟೆಯು ಹಿಂದೆ ಅತ್ತಿಗುಪ್ಪೆ. ಊರಿನ ನೆಲ ಕದಲಲಿಲ್ಲ, ಹೆಸರು ಮಾತ್ರ ಕದಲಿತು. ಪ್ರತಿಯ ಅಂತ್ಯದಲ್ಲಿ 'ಅತ್ತಿಗುಪ್ಪೆ'ಯನ್ನು ಕಂಡವನು ಅದನ್ನು ಇಂದಿನ ಪಟದಲ್ಲಿ ಹುಡುಕಿದರೆ ಸಿಗದು.

ಹೀಗಿರುವಲ್ಲಿ ಸಂಪಾದಕನು ಆಕೃತಿಯ ಹೆಸರುಗಳನ್ನು ಒಟ್ಟುಗೂಡಿಸಿ ಕೆಳಗೆ ಒಂದು ಸಾಲಿನಲ್ಲಿ ಅಚ್ಚುಹಾಕುವ ರೂಢಿಯನ್ನು ನಾನು ಒಪ್ಪಲಾರೆ. ಹೆಸರು ಇದ್ದ ಎಡೆಯಲ್ಲಿಯೇ ಇರಬೇಕು. ಹದಿನಾಲ್ಕು ರಜ್ಜುಗಳ ಪುರುಷಾಕೃತಿಯನ್ನು ಕಿರಿದಾದ ಗರಿಯಲ್ಲಿ ಮಲಗಿಸಿ ಬರೆದಿದ್ದರೆ, ಅಕ್ಷರಗಳು ಗ್ರಂಥದ ಸಾಲಿಗೆ ಸಮನಾಗಿವೆಯೇ, ಆಕೃತಿಯೊಂದಿಗೆ ತಿರುಗಿವೆಯೇ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಬೇಕು. ಇತ್ತೀಚೆಗೆ ಗರಿಗಳ ಛಾಯಾಪ್ರತಿಗಳನ್ನು ಗಣಕದಲ್ಲಿ ಸಂಗ್ರಹಿಸುವಾಗ ಆಕೃತಿಯನ್ನಷ್ಟೇ ಕತ್ತರಿಸಿ, ನೆಟ್ಟಗೆ ನಿಲ್ಲಿಸಿ ಇಡುವುದುಂಟು. ಹಾಗೆ ಮಾಡುವವರು ದಾರದ ರಂಧ್ರವೂ ಪಕ್ಕದ ಒಂದೆರಡು ಸಾಲುಗಳೂ ಕಾಣುವ ಪೂರ್ಣಗರಿಯ ಚಿತ್ರವನ್ನು ಜೊತೆಗಿರಿಸಿದರೆ ಆಕೃತಿಯ ತಲೆ ಯಾವ ಕಡೆಗಿತ್ತೆಂಬುದು ಮುಂದಿನವರಿಗೆ ತಿಳಿಯುತ್ತದೆ.