ಅಪ್ಪನ ಮುಖ ಮತ್ತು ಒಂದು ಪರೀಕ್ಷೆ

ಹೋದ ತಿಂಗಳು ಅಮೆರಿಕದಿಂದ ಅಕ್ಕನ ಫೋನ್. ಮಗಳು ಶವಾಗಾರ ವಿಜ್ಞಾನ ಓದಿ, ಈಗ ಲೈಸೆನ್ಸಿಗಾಗಿ ನ್ಯಾಷನಲ್ ಬೋರ್ಡ್ ಪರೀಕ್ಷೆಗೆ ತಯಾರಾಗುತ್ತಿದ್ದಾಳಂತೆ. "ಹೆಣ ತೊಳೆಯೋ ಕೆಲಸಕ್ಕೆ ಇಷ್ಟೆಲ್ಲ ಓದಬೇಕಾ? ನೀನಾದ್ರೂ ಬುದ್ಧಿ ಹೇಳು" ಅಂದಳು. ಬುದ್ಧಿ ಹೇಳುವ ಮುಂಚೆ ವಿಷಯ ತಿಳಿದಿರಲಿ ಎಂದು, ನಾಸಿಕದ ಮನೆಯಲ್ಲಿ ಆಫೀಸು ಮುಗಿದ ಮೇಲೆ ಕೂತು ಓದಿದೆ.

ಆ ಪರೀಕ್ಷೆಗೆ ಎರಡು ಭಾಗ. ಒಂದರಲ್ಲಿ ಅಂಗರಚನೆ, ರಸಾಯನಶಾಸ್ತ್ರ, ಎಂಬಾಮಿಂಗ್. ಇನ್ನೊಂದರಲ್ಲಿ ಕಾನೂನು, ದುಃಖದಲ್ಲಿರುವವರ ಜೊತೆ ಮಾತಾಡುವ ಬಗೆ, ವೃತ್ತಿಯ ಇತಿಹಾಸ. ಈ ಇತಿಹಾಸ ಬೆಳೆದದ್ದು ಅಮೆರಿಕದ ಅಂತರ್ಯುದ್ಧದಲ್ಲಿ. ದೂರದಲ್ಲಿ ಸತ್ತ ಸೈನಿಕರನ್ನು ಕೆಡದಂತೆ ಊರಿಗೆ ಕಳಿಸಲು ಎಂಬಾಮ್ ಮಾಡುವವರು ಸೈನ್ಯದ ಹಿಂದೆಯೇ ಹೋದರು. ಕೆಲವರು ದುಃಖಿತರಿಂದ ದುಡ್ಡು ಕಿತ್ತರು. ಅದಕ್ಕೇ 1865ರಲ್ಲಿ ಸೈನ್ಯ ಅವರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅದೇ ವರ್ಷ ಲಿಂಕನ್ನರ ದೇಹ ವಾಷಿಂಗ್ಟನ್ನಿನಿಂದ ಸ್ಪ್ರಿಂಗ್‌ಫೀಲ್ಡಿಗೆ ರೈಲಿನಲ್ಲಿ ಹೋಯಿತು. ದಾರಿಯುದ್ದಕ್ಕೂ ಜನ ಅವರ ಮುಖ ನೋಡಿದರು. 1894ರಲ್ಲಿ ವರ್ಜೀನಿಯಾ ರಾಜ್ಯ ಲೈಸೆನ್ಸಿನ ಕಾನೂನು ತಂದಿತು.

ನಮ್ಮಲ್ಲಿ? 1949ರ ಬಾಂಬೆ ಅನಾಟಮಿ ಕಾಯ್ದೆ, 1957ರ ಮೈಸೂರು ಅನಾಟಮಿ ಕಾಯ್ದೆ ಇವೆ. ಅವು ಹೇಳುವುದು ದೇಹಗಳನ್ನು ವೈದ್ಯಕೀಯ ಕಾಲೇಜಿಗೆ ಕೊಡುವುದರ ಬಗ್ಗೆ. 2008ರಲ್ಲಿ ತೀರಿಕೊಂಡ ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ದೇಹವನ್ನು ಕೆಡದಂತೆ ಇಟ್ಟು, ಎರಡು ವರ್ಷದ ನಂತರ ಬೆಳಗಾವಿಯಲ್ಲಿ ಮಗ ಡಾ. ಮಹಾಂತೇಶರೇ ವಿದ್ಯಾರ್ಥಿಗಳ ಮುಂದೆ ವಿಚ್ಛೇದಿಸಿದ್ದು ನಿಮಗೆ ನೆನಪಿರಬಹುದು. ಮಹಾರಾಷ್ಟ್ರದ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆ ನಡೆಸುವ ಆರೋಗ್ಯ ವಿಶ್ವವಿದ್ಯಾಲಯ ಇರುವುದು ನಮ್ಮ ನಾಸಿಕದಲ್ಲೇ. ಆದರೆ ಶವಾಗಾರದಲ್ಲಿ ದುಡಿಯುವ ಕೈಗಳಿಗೆ ಅಮೆರಿಕದಂಥ ಲೈಸೆನ್ಸ್ ಪರೀಕ್ಷೆ ನಮ್ಮ ದೇಶದಲ್ಲಿಲ್ಲ. ಆ ಕೆಲಸ ಬಹುಮಟ್ಟಿಗೆ ಜಾತಿಯಿಂದ ಬಂತು, ನೋಡಿ ಕಲಿತದ್ದರಿಂದ ನಡೆಯಿತು.

ರಾಘವಾಂಕನ ಹರಿಶ್ಚಂದ್ರನಿಗೆ ಸುಡುಗಾಡು ಒಂದು ಪರೀಕ್ಷೆ, ಗೆದ್ದು ಹೊರಬಂದ. ಅಲ್ಲೇ ಉಳಿದ ವೀರಬಾಹುಕನ ಬಗ್ಗೆ ನಾನು ಎಂದೂ ಯೋಚಿಸಿರಲಿಲ್ಲ.

ಅಪ್ಪ ತೀರಿಕೊಂಡದ್ದು ಸಂಭಾಜಿನಗರದಲ್ಲಿ, ತಮ್ಮನ ಮನೆಯಲ್ಲಿ. ಆಗಿನ್ನೂ ಊರಿಗೆ ಔರಂಗಾಬಾದ್ ಅನ್ನುತ್ತಿದ್ದರು. ಮೇ ತಿಂಗಳ ಬಿಸಿಲು. ಅಕ್ಕ ಬರಲು ಎರಡು ದಿನ, ಅಲ್ಲಿಂದ ಕಲಬುರಗಿಗೆ ರಾತ್ರಿಯಿಡೀ ಪ್ರಯಾಣ. ಆಸ್ಪತ್ರೆಯೊಂದರಲ್ಲಿ ಎಂಬಾಮಿಂಗ್ ಆಯಿತು. ಸಹಿ ಡಾಕ್ಟರರದು. ಫಾರ್ಮಾಲಿನ್ ವಾಸನೆಯ ಆ ಕೋಣೆಯಲ್ಲಿ ಅಪ್ಪನನ್ನು ತೊಳೆದು, ತಲೆ ಬಾಚಿ, ಬಾಯಿ ಮುಚ್ಚಿಸಿದವನು ಒಬ್ಬ ವಯಸ್ಸಾದ ಸಹಾಯಕ. ಎಲ್ಲಿ ಕಲಿತೆ ಎಂದು ಕೇಳಿದ್ದೆ. "ನೋಡ್ತಾ ನೋಡ್ತಾ, ಸಾಹೇಬ್" ಅಂದ. ಕೈಗೆ ಐನೂರು ಇಟ್ಟೆ, ಕೈ ತಾಗದ ಹಾಗೆ.

ಆಮೇಲೆ ರಾಮಕುಂಡದಲ್ಲಿ ಅಸ್ಥಿ ಬಿಟ್ಟಾಗ ಪುರೋಹಿತರು ತಮ್ಮ ವಹಿಯಲ್ಲಿ ನಮ್ಮ ವಂಶದವರ ಹೆಸರೆಲ್ಲ ಬರೆದುಕೊಂಡರು. ಆ ಸಹಾಯಕನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಮೊನ್ನೆ ಅಕ್ಕನಿಗೆ ಫೋನ್ ಮಾಡಿದೆ. "ನೀನು ಬಂದಾಗ ಅಪ್ಪ ಹೇಗೆ ಕಾಣ್ತಿದ್ರು?"

ಸ್ವಲ್ಪ ಹೊತ್ತು ಮಾತಿಲ್ಲ. "ಮಲಗಿದ ಹಾಗೇ ಇದ್ರು" ಅಂದಳು.

ಪುಟ್ಟಿಯ ಪರೀಕ್ಷೆ ಯಾವ ತಾರೀಖು ಎಂದು ಕೇಳಿದೆ. ಹೇಳಿದಳು.