ಉಪಗ್ರಹದೊಳಗಿನ ವೋಲ್ಟೇಜು: ಆರ್ಯಭಟದಿಂದ ಮಂಗಳಯಾನದವರೆಗೆ

ಮಂಗಳಯಾನದ ಆಯುಷ್ಯ ಮುಗಿಯಿತೆಂದು ಇಸ್ರೊ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಮೇಲೆ ಸಿಂಧನೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಪ್ರಶ್ನೆ ಕೇಳಿದರು: "ಸರ್, ಅಲ್ಲಿ ಮೋಡವಿಲ್ಲ, ಮಳೆಯಿಲ್ಲ. ಸೂರ್ಯನಿದ್ದೂ ನೌಕೆಗೆ ಕರೆಂಟು ಸಾಲದೆ ಹೋದದ್ದು ಹೇಗೆ?" ಇದಕ್ಕೆ ಉತ್ತರ ಹೇಳಹೊರಟರೆ ನಮ್ಮ ದೇಶದ ಬಾಹ್ಯಾಕಾಶ ಚರಿತ್ರೆಯ, ಅಷ್ಟಾಗಿ ಯಾರೂ ಬರೆಯದ ಒಂದು ಅಧ್ಯಾಯವನ್ನೇ ತೆರೆಯಬೇಕಾಗುತ್ತದೆ. ರಾಕೆಟ್ಟಿನ ಬೆಂಕಿಯನ್ನು ಎಲ್ಲರೂ ನೋಡುತ್ತಾರೆ. ಉಪಗ್ರಹದ ಹೊಟ್ಟೆಯೊಳಗೆ ಐದು, ಹನ್ನೆರಡು ವೋಲ್ಟುಗಳನ್ನು ಕದಲದಂತೆ ಕಾಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ಕಾಲುವೆಯ ಹೋಲಿಕೆಯಿಂದ ಹೇಳುವುದು ಸುಲಭ. ಸಿಂಧನೂರು, ಮಸ್ಕಿಯವರು ತುಂಗಭದ್ರಾ ಎಡದಂಡೆ ಕಾಲುವೆಯನ್ನೂ ಲಿಂಗಸುಗೂರಿನವರು ನಾರಾಯಣಪುರ ಬಲದಂಡೆ ಕಾಲುವೆಯನ್ನೂ ಬಲ್ಲರು. ಮುಖ್ಯ ಕಾಲುವೆಯಲ್ಲಿ ನೀರಿನ ಮಟ್ಟ ಏರಲಿ ಇಳಿಯಲಿ, ಗದ್ದೆಗೆ ಬೇಕಾದದ್ದು ಹದವಾದ ನೀರು. ಹೆಚ್ಚಾದರೆ ಬದು ಒಡೆಯುತ್ತದೆ, ಕಡಿಮೆಯಾದರೆ ಪೈರು ಒಣಗುತ್ತದೆ. ಉಪಗ್ರಹದ ಸೌರಫಲಕವೂ ಅಂಥದೇ ಕಾಲುವೆ. ಭೂಮಿಯ ನೆರಳಿನಿಂದ ಹೊರಬಂದ ಕೂಡಲೇ ಫಲಕ ತಣ್ಣಗಿರುವುದರಿಂದ ಅದರ ವೋಲ್ಟೇಜು ಹೆಚ್ಚು. ಬಿಸಿಲಿಗೆ ಕಾದಂತೆಲ್ಲ ಇಳಿಯುತ್ತದೆ. ನೆರಳಿಗೆ ಹೋದರೆ ಸೊನ್ನೆ. ಕೆಳಕಕ್ಷೆಯ ಉಪಗ್ರಹವೊಂದು ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ, ಅದರಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಕತ್ತಲೆಯಲ್ಲಿರುತ್ತದೆ. ಎಂದರೆ ಅದರ ಬ್ಯಾಟರಿ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಬಾರಿ ತುಂಬಿ ಬರಿದಾಗಬೇಕು. ಈ ಏರಿಳಿತದ ನಡುವೆ ಉಪಕರಣಕ್ಕೆ ತಲುಪುವ ವೋಲ್ಟೇಜು ಮಾತ್ರ ಅಲುಗಬಾರದು.

ನಮ್ಮ ಮೊದಲ ಉಪಗ್ರಹ ಆರ್ಯಭಟ ಕಲಿಸಿದ್ದೂ ಇದೇ ಪಾಠ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಅದು ರೂಪುಗೊಂಡಿತು. ಸೌರಕೋಶ, ಬ್ಯಾಟರಿಗಳನ್ನು ಸೋವಿಯತ್ ಒಕ್ಕೂಟ ಒದಗಿಸಿತು. 360 ಕಿಲೋ ತೂಕದ ಈ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಅದಕ್ಕೆ ದೊರೆಯುತ್ತಿದ್ದ ವಿದ್ಯುತ್ತು 46 ವಾಟ್. ಮನೆಯ ಅರವತ್ತರ ಬಲ್ಬಿಗೂ ಸಾಲದಷ್ಟು. ಕ್ಷ-ಕಿರಣ ಖಗೋಳ, ಸೌರಭೌತ, ಮೇಲ್ವಾತಾವರಣ ಎಂಬ ಮೂರು ಪ್ರಯೋಗಗಳು ಅದರಲ್ಲಿದ್ದವು. ಐದನೆಯ ದಿನದ ಹೊತ್ತಿಗೆ, ಪ್ರಯೋಗಗಳಿಗೆ ವಿದ್ಯುತ್ ಹಂಚುತ್ತಿದ್ದ ವ್ಯವಸ್ಥೆ ಕೆಟ್ಟು ಮೂರನ್ನೂ ನಿಲ್ಲಿಸಬೇಕಾಯಿತು. ಆದರೆ ಉಪಗ್ರಹದ ಮುಖ್ಯ ಭಾಗ 1981ರ ಮಾರ್ಚ್‌ವರೆಗೆ ಜೀವಂತವಾಗಿತ್ತು. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಆರ್ಯಭಟವನ್ನು ನೋಡಿದವರು ನೀವು. ಆ ಐದನೆಯ ದಿನದ ಕಥೆ ನೋಟಿನ ಮೇಲಿರಲಿಲ್ಲ.

ಅದೇ ವರ್ಷ ಆಗಸ್ಟ್ 1ರಂದು ನಮ್ಮ ಜಿಲ್ಲೆಗೂ ಉಪಗ್ರಹ ಬಂತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಕಳುಹಿಸುವ 'ಸೈಟ್' ಪ್ರಯೋಗಕ್ಕೆ ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳು ಸೇರಿದ್ದವು. ಒಟ್ಟು ಸುಮಾರು 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ಪ್ರಯೋಗವದು. ವಿದ್ಯುತ್ತೇ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ಟಿವಿ ನಡೆಸಬೇಕಾಯಿತು. ಆಕಾಶದಲ್ಲಿ ಇದ್ದ ಸಮಸ್ಯೆಯೇ ನೆಲದ ಮೇಲೂ ಇತ್ತೆನ್ನಬೇಕು.

ವೋಲ್ಟೇಜನ್ನು ಇಳಿಸುವ ಹಳೆಯ ವಿಧಾನವೆಂದರೆ ಹೆಚ್ಚಾದದ್ದನ್ನು ಶಾಖವಾಗಿ ಸುಟ್ಟುಬಿಡುವುದು. 28 ವೋಲ್ಟನ್ನು ಹೀಗೆ 5 ವೋಲ್ಟಿಗೆ ಇಳಿಸಿದರೆ ನೂರರಲ್ಲಿ 82 ಪಾಲು ವ್ಯರ್ಥ. ಭೂಮಿಯ ಮೇಲಾದರೆ ಗಾಳಿ ಆ ಬಿಸಿಯನ್ನು ಒಯ್ಯುತ್ತದೆ. ನಿರ್ವಾತದಲ್ಲಿ ಗಾಳಿಯಿಲ್ಲ, ಬಿಸಿ ಲೋಹದ ಮೂಲಕವೇ ಹರಿದು ಹೊರಮೈಯಿಂದ ವಿಕಿರಣವಾಗಿ ಹೋಗಬೇಕು. ಆದ್ದರಿಂದ ಡಿಸಿ-ಡಿಸಿ ಪರಿವರ್ತಕ ಬಂತು. ಕಾಲುವೆಯ ತೂಬನ್ನು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ, ಬಂದ ನೀರನ್ನು ಸಣ್ಣ ಹೊಂಡದಲ್ಲಿ ಸಮಮಾಡಿ ಬಿಟ್ಟಂತೆ ಅದರ ಕೆಲಸ. ಟ್ರಾನ್ಸಿಸ್ಟರು ತೂಬು, ಸುರುಳಿ ಮತ್ತು ಕೆಪ್ಯಾಸಿಟರುಗಳು ಹೊಂಡ. ನಷ್ಟ ಬಹಳ ಕಡಿಮೆ. ಆದರೆ ಬಾಹ್ಯಾಕಾಶದ ವಿಕಿರಣಕ್ಕೆ ಆ ಟ್ರಾನ್ಸಿಸ್ಟರು ಕೆಟ್ಟರೆ ರಿಪೇರಿಗೆ ಹೋಗುವವರಿಲ್ಲ. ಅದಕ್ಕಾಗಿ ಒಂದರ ಜೊತೆ ಇನ್ನೊಂದನ್ನು ಕಾಯ್ದಿರಿಸುತ್ತಾರೆ. ಒಂದು ಕವಲು ಕೆಟ್ಟರೆ ಮಿಕ್ಕವು ನಿಲ್ಲದಂತೆ ಬೇರ್ಪಡಿಸುತ್ತಾರೆ.

ವೋಲ್ಟೇಜಿನ ವಿಷಯದಲ್ಲಿ ಸಣ್ಣ ಅಲಕ್ಷ್ಯವೂ ಎಷ್ಟು ದುಬಾರಿಯೆಂಬುದಕ್ಕೆ 1970ರ ಅಪೋಲೊ-13 ಸಾಕ್ಷಿ. ಅದರ ಆಮ್ಲಜನಕ ತೊಟ್ಟಿಯೊಳಗಿನ ಸ್ವಿಚ್ಚು 28 ವೋಲ್ಟಿಗೆ ಮಾಡಿದ್ದು; ಉಡಾವಣಾ ಕೇಂದ್ರದಲ್ಲಿ ಅದಕ್ಕೆ ಕೊಟ್ಟದ್ದು 65 ವೋಲ್ಟ್. ಸ್ವಿಚ್ಚು ಬೆಸೆದುಕೊಂಡಿತು, ಶಾಖಕ್ಕೆ ತಂತಿಯ ಹೊದಿಕೆ ಹಾಳಾಯಿತು, ಮುಂದೆ ಚಂದ್ರನ ದಾರಿಯಲ್ಲಿ ತೊಟ್ಟಿ ಸಿಡಿಯಿತು. ಮೂವರ ಜೀವ ಉಳಿದದ್ದೇ ಪುಣ್ಯ. ನಮ್ಮಲ್ಲಿಯೂ 1997ರ ಜೂನ್ 4ರಂದು ಹಾರಿದ ಇನ್ಸಾಟ್-2ಡಿ, ವಿದ್ಯುತ್ ಮಾರ್ಗದ ದೋಷದಿಂದ ನಾಲ್ಕೇ ತಿಂಗಳಲ್ಲಿ, ಅಕ್ಟೋಬರ್ 4ರಂದು, ಕೈಬಿಟ್ಟುಹೋಯಿತು. ಅದರ ಜಾಗ ತುಂಬಲು ಅರಬ್‌ಸ್ಯಾಟ್ ಸಂಸ್ಥೆಯ ಉಪಗ್ರಹವೊಂದನ್ನು ಪಡೆಯಬೇಕಾಯಿತು.

ಹೀಗೆ ಪೆಟ್ಟು ತಿಂದು ಕಲಿತವರೇ 2018ರ ಡಿಸೆಂಬರಿನಲ್ಲಿ ಜಿಸ್ಯಾಟ್-11 ಹಾರಿಸಿದರು. ಅದರ ವಿದ್ಯುತ್ತು 13 ಸಾವಿರ ವಾಟಿಗೂ ಹೆಚ್ಚು, ಮುಖ್ಯ ಮಾರ್ಗದ ವೋಲ್ಟೇಜು 70. ಶಕ್ತಿನಗರದಿಂದ ಹೊರಡುವ ತಂತಿಗಳಲ್ಲಿ ವೋಲ್ಟೇಜು ಏರಿಸುವ ಕಾರಣವೇ ಇಲ್ಲಿಯೂ ಇದೆ: ಪ್ರವಾಹ ಕಡಿಮೆಯಾದಷ್ಟೂ ತಂತಿಯಲ್ಲಿ ನಷ್ಟ ಕಡಿಮೆ.

ಇನ್ನು ಮಂಗಳಯಾನ. ಆರು ತಿಂಗಳಿಗೆಂದು ಮಾಡಿದ ನೌಕೆ 2014ರ ಸೆಪ್ಟೆಂಬರ್ 24ರಿಂದ ಏಳು ವರ್ಷಕ್ಕೂ ಮಿಕ್ಕಿ ದುಡಿಯಿತು. 2017ರ ಜನವರಿಯಲ್ಲಿ ದೀರ್ಘ ಗ್ರಹಣವೊಂದನ್ನು ತಪ್ಪಿಸಲು ಇಂಧನ ಸುಟ್ಟು ಕಕ್ಷೆಯನ್ನು ಬದಲಿಸಿದ್ದರು. 2022ರ ಏಪ್ರಿಲ್‌ನಲ್ಲಿ ಮತ್ತೆ ಮತ್ತೆ ಗ್ರಹಣಗಳು ಬಂದವು. ಒಂದಂತೂ ಏಳೂವರೆ ಗಂಟೆಯದು. ಬ್ಯಾಟರಿಯನ್ನು ಒಂದು ಗಂಟೆ ನಲವತ್ತು ನಿಮಿಷದ ಕತ್ತಲೆಗೆಂದು ರೂಪಿಸಲಾಗಿತ್ತು. ಇಂಧನವೂ ತೀರಿದ್ದಿರಬೇಕು. ಸೂರ್ಯನಿದ್ದ, ಅವನ ಮುಂದೆ ಮಂಗಳ ಅಡ್ಡ ನಿಂತಿತ್ತು.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ಪಂಪ್‌ಸೆಟ್ಟಿನ ಮೋಟಾರು ಸುಡುವುದನ್ನೂ ಟಿ.ಸಿ. ಕೆಟ್ಟು ವಾರಗಟ್ಟಲೆ ಬೆಳೆ ಬಾಡುವುದನ್ನೂ ಕಂಡ ಮಕ್ಕಳು ನಿಮ್ಮ ಮುಂದೆ ಕುಳಿತಿರುತ್ತಾರೆ. ಬಾಹ್ಯಾಕಾಶ ವಿಜ್ಞಾನ ಬೆಂಗಳೂರಿನವರದು, ತಮ್ಮದಲ್ಲ ಎಂದು ಅವರು ತಿಳಿಯುವುದು ಬೇಡ. ಲೋ ವೋಲ್ಟೇಜಿನ ಕಷ್ಟವನ್ನು ಪುಸ್ತಕದಿಂದಲ್ಲದೆ ಬದುಕಿನಿಂದ ಬಲ್ಲವರು ಅವರು. ಆರ್ಯಭಟದ ಉಡಾವಣೆಯ ದಿನಾಂಕದ ಜೊತೆಗೆ ಅದರ ಐದನೆಯ ದಿನವನ್ನೂ ಅವರಿಗೆ ಕಲಿಸಿರಿ. 28ರಿಂದ 5ಕ್ಕೆ ಇಳಿಸುವ ಆ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಅವರ ಕೈಯಿಂದಲೇ ಮಾಡಿಸಿರಿ.